ಎದುರಿನವರ ಮಾತು ಮುಗಿದದ್ದು ಬಾಲಣ್ಣನವರಿಗೆ ಹೇಗೆ ತಿಳಿಯುತ್ತಿತ್ತು?

ಪ್ರಶ್ನೆ (ಹವ್ಯಾಸಿ ನಟ, ಶಿವಮೊಗ್ಗ):
ಕಳೆದ ಭಾನುವಾರ ‘ಬಂಗಾರದ ಮನುಷ್ಯ’ (1972) ಚಿತ್ರವನ್ನು ಮತ್ತೊಮ್ಮೆ ನೋಡಿದೆ. ರಾಚೂಟಪ್ಪನಾಗಿ ಟಿ. ಎನ್. ಬಾಲಕೃಷ್ಣ (ಬಾಲಣ್ಣ) ಅವರು ಮಾತಿಗೆ ಮಾತು ಕೊಡುವ ಚುರುಕನ್ನು ಕಂಡರೆ, ಅವರಿಗೆ ಶ್ರವಣದೋಷವಿತ್ತೆಂದು ನಂಬುವುದೇ ಕಷ್ಟ. ನನಗೋ ಎರಡೂ ಕಿವಿ ನೆಟ್ಟಗಿದ್ದರೂ ರಂಗದ ಮೇಲೆ ಎದುರಿನವರ ಮಾತು ಮುಗಿಯುವ ಮೊದಲೇ ಬಾಯಿ ಹಾಕುತ್ತೇನೆ, ಇಲ್ಲವೇ ತಡವರಿಸುತ್ತೇನೆ. ತುಟಿಯ ಚಲನೆಯನ್ನು ನೋಡಿ ಅವರು ಗ್ರಹಿಸುತ್ತಿದ್ದರೆಂದು ಎಲ್ಲರೂ ಹೇಳುತ್ತಾರೆ. ಆದರೆ ಎದುರಿನ ನಟ ಪ್ರೇಕ್ಷಕರ ಕಡೆಗೆ ತಿರುಗಿ ನಿಂತಾಗ ಏನು ಗತಿ?

ಉತ್ತರ (ಸೈಡ್ ವಿಂಗ್):
ತಮ್ಮ ಪ್ರಶ್ನೆ ಸರಿಯಾದ ಜಾಗಕ್ಕೇ ಮುಟ್ಟಿದೆ. ತುಟಿ ನೋಡುವುದು ಅರ್ಧ ವಿದ್ಯೆ ಮಾತ್ರ. ಬಾಲಣ್ಣನವರು ತಮ್ಮ ಮಾತುಗಳ ಜೊತೆಗೆ ಎದುರಿನವರ ಮಾತುಗಳನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಇದು ಎಷ್ಟು ದೊಡ್ಡ ಕೆಲಸವೆಂಬುದು ವೃತ್ತಿನಾಟಕ ಕಂಪನಿಗಳನ್ನು ಬಲ್ಲವರಿಗೆ ಗೊತ್ತು. ನಾನು ಪ್ರಾಯದಲ್ಲಿ ನಾಲ್ಕು ವರ್ಷ ಒಂದು ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದೆ. ಮಾತು ಮರೆತ ನಟ ಮೆಲ್ಲಗೆ ನಾಲ್ಕು ಹೆಜ್ಜೆ ರಂಗದ ಪಕ್ಕದ ಮರೆಯಾದ ವಿಂಗ್‌ನತ್ತ ಸರಿದು, ಮೀಸೆ ತೀಡುತ್ತಲೋ ಶಲ್ಯ ಸರಿಪಡಿಸುತ್ತಲೋ ನಿಂತುಬಿಟ್ಟರೆ, ನಾವು ಪಿಸುದನಿಯಲ್ಲಿ ಸಾಲು ಎತ್ತಿಕೊಡುತ್ತಿದ್ದೆವು. ಆ ಆಸರೆ ಕಿವಿ ಕೇಳದವರಿಗೆ ಇಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಚಪ್ಪಾಳೆ ಬಿದ್ದ ಹುರುಪಿನಲ್ಲಿ ಸಹನಟರು ಬರೆದದ್ದನ್ನು ಬಿಟ್ಟು ಸ್ವಂತ ಮಾತು ಸೇರಿಸುವುದು. ಬಾಯಿಪಾಠ ಕೈಕೊಡುವ ಆ ಗಳಿಗೆಯಲ್ಲಿ ತುಟಿ, ಭುಜ, ಉಸಿರು ಇವುಗಳನ್ನೇ ನಂಬಬೇಕು.

ಉತ್ತರ (ಹಳೆಯ ಚಿತ್ರಗಳ ಅಭಿಮಾನಿ):
ಅರಸೀಕೆರೆಯ ಬಾಲಕೃಷ್ಣ ಅವರು ನಾಟಕರಂಗದಿಂದ ಬಂದು 1943ರ ‘ರಾಧಾರಮಣ’ದ ಮೂಲಕ ತೆರೆಗೆ ಕಾಲಿಟ್ಟರು, 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ್ದರು. ಅವರನ್ನು ಹಾಸ್ಯನಟರೆಂದು ಮಾತ್ರ ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ‘ಕಣ್ತೆರೆದು ನೋಡು’ (1961) ಚಿತ್ರವನ್ನು ಒಮ್ಮೆ ಧ್ವನಿ ಪೂರ್ತಿ ಮುಚ್ಚಿ ನೋಡಿ. ರಾಜಕುಮಾರ್ ಅವರದು ಕುರುಡ ಗಾಯಕನ ಪಾತ್ರ, ಬಾಲಕೃಷ್ಣ ಅವರದು ಖಳನ ಪಾತ್ರ. ಒಬ್ಬರು ಎದುರಿನವರನ್ನು ದಿಟ್ಟಿಸಿ ನೋಡುವಂತಿಲ್ಲ, ಇನ್ನೊಬ್ಬರು ಎದುರಿನವರ ಮುಖದಿಂದ ಕಣ್ಣು ಕೀಳುವಂತಿಲ್ಲ. ನಟನೆಗೆ ಅನಿವಾರ್ಯವಾಗಿದ್ದ ಆ ನೆಟ್ಟ ನೋಟ, ಖಳನಾದಾಗ ಹೊಂಚು ಹಾಕುವವನ ನೋಟವಾಗಿ ಕಾಣುತ್ತದೆ. ರಾಚೂಟಪ್ಪನಾದಾಗ ಅದೇ ಅಕ್ಕರೆಯಾಗಿ ಕಾಣುತ್ತದೆ. ಕೊರತೆಯನ್ನು ಮುಚ್ಚಿಡಲು ಹೋಗದೆ ಪಾತ್ರದ ಸ್ವಭಾವಕ್ಕೇ ಅದನ್ನು ಬೆಸೆದದ್ದು ಅವರ ಜಾಣ್ಮೆ ಎಂದು ನನಗನ್ನಿಸುತ್ತದೆ.

ಉತ್ತರ (ಕೆಂಗೇರಿ ನಿವಾಸಿ):
ನಟನೆಯಾಚೆಗಿನ ಒಂದು ಮಾತನ್ನೂ ಸೇರಿಸುತ್ತೇನೆ. ರಾಜಕುಮಾರ್, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಅವರೊಡನೆ ಕಲಾವಿದರ ಸಂಘ ಕಟ್ಟಿ ‘ರಣಧೀರ ಕಂಠೀರವ’ (1960) ಚಿತ್ರವನ್ನು ನಿರ್ಮಿಸಿದವರಲ್ಲಿ ಇವರೂ ಒಬ್ಬರು. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ, ಸರಕಾರ ಕೊಟ್ಟ 20 ಎಕರೆಯಲ್ಲಿ ನಮ್ಮೂರಿನ ಬಳಿ ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದರು. 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿಯೇ. ಈಗಿನವರು ಆ ಜಾಗವನ್ನು ನೆನೆಯುವುದು ಆ ಕಾರಣಕ್ಕೆ. ಕಟ್ಟಿದವರ ಹೆಸರು ಕೇಳಿದರೆ ತಡವರಿಸುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆಯ ತಾಲೀಮಿನಲ್ಲಿ ಎದುರಿನ ಪಾತ್ರದ ಮಾತುಗಳನ್ನೂ ಕಲಿತುಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಒಂದು ದೃಶ್ಯ ಮಾಡಿ ನೋಡಿದೆ. ಮೂರನೆಯ ಮಾತಿಗೇ ಸಿಕ್ಕಿಬಿದ್ದೆ, ಏಕೆಂದರೆ ನನ್ನ ಕಣ್ಣು ಅಭ್ಯಾಸಬಲದಿಂದ ಪ್ರೇಕ್ಷಕರ ಕಡೆಗೇ ಹೋಗಿತ್ತು.