ಪದಚರ್ಚೆ: ಅಣಬೆ, ನಾಯಿಕೊಡೆ, ಶಿಲೀಂಧ್ರ – ಫೋಟೋದ ಕೆಳಗೆ ಯಾವುದನ್ನು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದವನು. ರಜೆ ಸಿಕ್ಕಿದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕಲಘಟಗಿ ಕಡೆಯ ಕಾಡಿಗೋ, ಗದಗಿನ ಕಪ್ಪತಗುಡ್ಡಕ್ಕೋ, ರಾಣೆಬೆನ್ನೂರಿಗೋ ಹೋಗುತ್ತೇನೆ. ಈ ಮಳೆಗಾಲ ಮುಗಿದ ಮೇಲೆ ಒಂದು ಶಾಲೆಯ ಮಕ್ಕಳಿಗಾಗಿ ನಲವತ್ತು ಫೋಟೋ ಗೋಡೆಗೆ ಹಾಕಬೇಕು. ಪ್ರತಿ ಫೋಟೋದ ಕೆಳಗೆ ಕನ್ನಡದಲ್ಲಿ ಒಂದೆರಡು ಸಾಲು. ಫೋಟೋ ಆರಿಸಲು ಎರಡು ಸಂಜೆ ಸಾಕಾಯ್ತು. ಸಾಲು ಬರೆಯಲು ಕೂತು ಮೂರು ವಾರವಾಯ್ತು, ಇನ್ನೂ ಮುಗಿದಿಲ್ಲ. ಹದಿನಾಲ್ಕು ಫೋಟೋಗಳು ಅಣಬೆಯ ಬಳಗದವು. ನಾನು ನಿಂತಿರುವುದು ಅಲ್ಲೇ.

ಪಠ್ಯಪುಸ್ತಕದ ಪದ ಎಲ್ಲರಿಗೂ ಗೊತ್ತು, ಶಿಲೀಂಧ್ರ. ಕೊಡೆಯಂತಹ ಅಣಬೆ, ಹಳಸಿದ ರೊಟ್ಟಿಯ ಬೂಷ್ಟು, ಯೀಸ್ಟ್, ಬೆಳೆಗೆ ಬರುವ ಎಷ್ಟೋ ರೋಗ, ಎಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ಮನೆಯಲ್ಲಾಗಲಿ, ಹೊಲದಲ್ಲಾಗಲಿ, ಸಂತೆಯಲ್ಲಾಗಲಿ ಯಾರಾದರೂ ಈ ಮಾತು ಆಡಿದ್ದನ್ನು ನಾನು ಕೇಳಿಲ್ಲ. ಸಂಸ್ಕೃತದಲ್ಲೂ ಅದು ಮೊದಲು ಇಷ್ಟು ದೊಡ್ಡ ಪದವಾಗಿರಲಿಲ್ಲ. ಕಾಳಿದಾಸನ ಮೇಘದೂತದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ಏಳುತ್ತವೆ. ಹೆಚ್ಚಿನವರು ಅಲ್ಲಿ ಅಣಬೆ ಎಂದೇ ಅರ್ಥ ಮಾಡುತ್ತಾರೆ. ನಮ್ಮಲ್ಲೂ ಗುಡುಗಿದರೆ ಅಣಬೆ ಏಳುತ್ತದೆ ಅಂತಾರಲ್ಲ, ಅದೇ ಮಾತು. ಅಂದರೆ ಒಂದು ಅಣಬೆಯ ಹೆಸರನ್ನೇ ಹಿಗ್ಗಿಸಿ ಇಡೀ ಬಳಗಕ್ಕೆ ಕೊಟ್ಟಿದ್ದೇವೆ. ಹಾಗೆ ಹಿಗ್ಗಿಸುವುದಾದರೆ ನಮ್ಮ ‘ಅಣಬೆ’ಯನ್ನೇ ಯಾಕೆ ಹಿಗ್ಗಿಸಬಾರದಿತ್ತು ಎಂಬುದು ನನ್ನ ಮೊದಲ ಪ್ರಶ್ನೆ.

ಅಣಬೆ ಹಳೆಯ ಪದ. 1894ರ ಕಿಟೆಲ್ ಕೋಶದಲ್ಲಿ ಇದೆ. ನಮ್ಮ ಬಾಯಲ್ಲಿ ಅದು ಅಣಬಿ. ತುಳುವಿನ ಅಲಂಬು, ಮರಾಠಿಯ ಅಳಂಬಿ ಕೇಳಿದರೆ ಎಲ್ಲವೂ ಒಂದೇ ಮನೆಯವು ಅನಿಸುತ್ತದೆ. ‘ನಾಯಿಕೊಡೆ’ಗೂ ನೆಂಟರಿದ್ದಾರೆ. ತಮಿಳಿನಲ್ಲಿ ನಾಯ್ಕುಡೈ ಅಂತಾರೆ. ತೆಲುಗಿನವರು ನಾಯಿಯನ್ನು ಬಿಟ್ಟು ಹುತ್ತವನ್ನು ಹಿಡಿದರು, ಪುಟ್ಟಗೊಡುಗು ಅಂದರು. ಹುತ್ತದ ಕೊಡೆ.

ಈ ತೆಲುಗು ಪದದ ಬೆಲೆ ನನಗೆ ತಿಳಿದದ್ದು ಕಲಘಟಗಿ ಹತ್ತಿರದ ಒಂದು ಹೊಲದ ಬದುವಿನಲ್ಲಿ. ಜೂನ್ ಕೊನೆ. ರಾತ್ರಿ ಮಳೆ ಹೊಡೆದಿತ್ತು. ಹುತ್ತದ ಪಕ್ಕ ಇಪ್ಪತ್ತು ಮೂವತ್ತು ಅಣಬೆ ಒಟ್ಟಿಗೆ ಎದ್ದಿದ್ದವು. ನಾನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಫೋಟೋ ತೆಗೆಯುತ್ತಿದ್ದೆ. ಅಣಬೆಯನ್ನು ಮೇಲಿನಿಂದ ತೆಗೆದರೆ ಬರೀ ಒಂದು ದುಂಡನೆ ಬಿಲ್ಲೆ ಕಾಣುತ್ತದೆ. ಅದರ ಎತ್ತರಕ್ಕೆ ನಾವು ಇಳಿಯಬೇಕು. ಹೊಲದ ಅಜ್ಜಿ ಬಂದು ನಿಂತರು. “ತಮ್ಮಾ, ಇವು ಹುತ್ತದ ಅಣಬಿ. ಇವತ್ತ ಅದಾವ, ನಾಳೆ ಇರೂದಿಲ್ಲ. ಬುಡಕ ಭಾಳ ಉದ್ದ ಬೇರ ಇರತೈತಿ ನೋಡ” ಅಂದರು. ಅವರು ಹೇಳಿದ್ದು ನಿಜ. ಒರಲೆಗಳು, ಅಂದರೆ ಗೆದ್ದಲು, ಒಣ ಎಲೆ, ಕಟ್ಟಿಗೆ ಚೂರು ತಂದು ಹುತ್ತದ ಒಳಗೆ ಈ ಅಣಬೆಯನ್ನು ಸಾಕುತ್ತವೆ. ಅದೇ ಅವುಗಳ ಊಟ. ಮಳೆಗೆ ಆ ತೋಟದಿಂದ ಬೇರಿನಂಥ ಒಂದು ಉದ್ದನೆಯ ಕಾಂಡ ಮಣ್ಣನ್ನು ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ವಿಜ್ಞಾನದಲ್ಲಿ ಇದರ ಹೆಸರು ಟರ್ಮಿಟೋಮೈಸಿಸ್. ಅದನ್ನು ಬಿಡಿಸಿದರೆ ‘ಒರಲೆಯ ಅಣಬೆ’ ಎಂದೇ ಅರ್ಥ. ಅಜ್ಜಿಯ ‘ಹುತ್ತದ ಅಣಬಿ’ಯೂ ಅದೇ ಸುದ್ದಿ ಹೇಳುತ್ತದೆ. ಆ ಫೋಟೋದ ಕೆಳಗೆ ಆ ಎರಡು ಪದ ಬರೆದು ಮುಗಿಸಿದ್ದೇನೆ.

ನಾಯಿಕೊಡೆಯಲ್ಲಿ ನಾಯಿ ಯಾಕೆ ಬಂತು? ನಾಯಿ ಉಚ್ಚೆ ಹೊಯ್ದಲ್ಲಿ ಬೆಳೆಯುತ್ತದೆ ಎಂದು ನಮ್ಮ ಓಣಿಯ ಹಿರಿಯರು ಹೇಳುತ್ತಿದ್ದರು. ನನಗೆ ಬೇರೆ ಅನಿಸುತ್ತದೆ. ನಾಯಿತುಳಸಿ, ನಾಯಿಸಾಸಿವೆ ನೋಡಿ. ನೋಡಲು ನಮ್ಮ ತುಳಸಿ, ಸಾಸಿವೆಯ ಹಾಗೆ ಇವೆ, ಆದರೆ ನಮ್ಮ ಬಳಕೆಯವಲ್ಲ. ನಾಯಿಕೊಡೆಯೂ ಹಾಗೆಯೇ, ಕೊಡೆಯಂತೆ ಇದೆ, ಮನುಷ್ಯರಿಗಲ್ಲ. ಈಚೆಗೆ ಪತ್ರಿಕೆಗಳಲ್ಲಿ ‘ನಾಯಿಕೊಡೆಗಳಂತೆ ತಲೆ ಎತ್ತಿದ ಕಟ್ಟಡಗಳು’ ಎಂದು ಬರೆದು ಬರೆದು ಪದಕ್ಕೆ ಇನ್ನಷ್ಟು ಕೆಟ್ಟ ಹೆಸರು ಬಂದಿದೆ. ಇದು ನನಗೆ ಬೇಸರದ ವಿಷಯ. ರಾತ್ರೋರಾತ್ರಿ ಏಳುವುದು ತಪ್ಪೇನಲ್ಲ ಅಲ್ವಾ?

ಆದರೆ ಇಲ್ಲಿ ಒಂದು ಗಂಭೀರ ತೊಡಕಿದೆ. ನಾನು ಕೇಳಿದ ಬಹಳ ಜನರ ಮಾತಿನಲ್ಲಿ ತಿನ್ನುವುದು ಅಣಬೆ, ತಿನ್ನದ್ದು ನಾಯಿಕೊಡೆ. ನನ್ನ ಹತ್ತಿರ ಹುಲ್ಲಿನ ಮೇಲೆ ಎದ್ದ ದೊಡ್ಡ ಬಿಳಿ ಕೊಡೆಯ ಫೋಟೋ ಇದೆ, ತಟ್ಟೆಯಷ್ಟು ಅಗಲ. ಬಲಿತ ಮೇಲೆ ಕೆಳಗಿನ ಗೆರೆಗಳು ಹಸಿರಿಗೆ ತಿರುಗುತ್ತವೆ. ಕ್ಲೋರೋಫಿಲಮ್ ಎಂಬ ಜಾತಿ, ತಿಂದವರಿಗೆ ವಾಂತಿ ಭೇದಿ ತಪ್ಪಿದ್ದಲ್ಲ. ಎಳೆಯದಿದ್ದಾಗ ಆ ಹಸಿರು ಕಾಣುವುದೇ ಇಲ್ಲ, ಎಂಥವರೂ ಮೋಸ ಹೋಗುತ್ತಾರೆ. ಅದರ ಕೆಳಗೆ ‘ಅಣಬೆ’ ಎಂದು ಬರೆದರೆ ಯಾವುದಾದರೂ ಮಗು ಮರುದಿನ ಅಂಥದ್ದನ್ನು ಕಿತ್ತು ಮನೆಗೆ ಒಯ್ಯಬಹುದು. ‘ನಾಯಿಕೊಡೆ’ ಎಂದರೆ ಕನಿಷ್ಠ ಕೈ ಹಿಂದೆ ಸರಿಯುತ್ತದೆ. ಹಾಗಾಗಿ ಈ ಫೋಟೋಕ್ಕೆ ನಾಯಿಕೊಡೆ ಎಂದೇ ಬರೆಯಬೇಕು, ಕೆಳಗೆ ‘ವಿಷ’ ಎಂದೂ ಬರೆಯಬೇಕು ಅನ್ನುವುದು ನನ್ನ ತೀರ್ಮಾನ. ಹೆಸರೊಂದನ್ನೇ ನಂಬಿ ಯಾರೂ ತಿನ್ನಬಾರದು, ಅದನ್ನು ಬಾಗಿಲಲ್ಲೇ ದೊಡ್ಡದಾಗಿ ಹಾಕುತ್ತೇನೆ.

ಇನ್ನು ಮರದ ಬೊಡ್ಡೆಗೆ ಹಲಗೆ ಹೊಡೆದಂತೆ ಅಂಟಿಕೊಂಡು ಬೆಳೆಯುವವು. ಕೊಡೆ ಇಲ್ಲ, ಎಷ್ಟೋ ಸಲ ಕಾಂಡವೂ ಇಲ್ಲ, ಕಟ್ಟಿಗೆಯಷ್ಟು ಗಟ್ಟಿ. ಇವನ್ನು ನಾಯಿಕೊಡೆ ಎನ್ನಲು ಆಗುವುದಿಲ್ಲ. ಉತ್ತರ ಸಿಕ್ಕಿದ್ದು ಹಾನಗಲ್ಲಿನ ಒಬ್ಬ ಅಡಿಕೆ ಬೆಳೆಗಾರರಿಂದ. ಫೋಟೋ ನೋಡಿದ ಕೂಡಲೇ “ಇದು ನಮ್ಮ ತ್ವಾಟದಾಗ ಬರ್ತದಲ್ರಿ, ಅಣಬಿ ರೋಗ” ಅಂದರು. ಗ್ಯಾನೋಡರ್ಮ ಎಂಬ ಜಾತಿಯಿಂದ ಅಡಿಕೆ ಮರದ ಬೇರು ಕೊಳೆತು, ಬುಡದಲ್ಲಿ ಈ ಹಲಗೆಗಳು ಮೂಡುತ್ತವೆ. ರೈತರು, ತೋಟಗಾರಿಕೆ ಇಲಾಖೆಯವರು ಎಲ್ಲರೂ ಅದನ್ನು ಅಣಬೆ ರೋಗ ಎಂದೇ ಕರೆಯುತ್ತಾರೆ. ಅಂದರೆ ಅಣಬೆಗೆ ಕೊಡೆ ಇರಲೇಬೇಕು ಎಂಬ ನಿಯಮ ಬಳಕೆಯಲ್ಲಿ ಇಲ್ಲ. ಕರಾವಳಿಯ ಕಲ್ಲಣಬೆಗೂ ಕೊಡೆ ಇಲ್ಲ, ಅದು ಮಣ್ಣಿನೊಳಗಿನ ಗುಂಡನೆ ಉಂಡೆ.

ಅದೇ ರೈತರ ಬಾಯಲ್ಲಿ ಉಳಿದ ಬಳಗಕ್ಕೂ ಎಷ್ಟು ಚೆಂದದ ಹೆಸರುಗಳಿವೆ ನೋಡಿ. ಜೋಳದ ತೆನೆ ಕಪ್ಪು ಪುಡಿಯಾದರೆ ಕಾಡಿಗೆ ರೋಗ. ಗೋಧಿ ಎಲೆಯ ಮೇಲೆ ಕೆಂಪು ಹುಡಿ ಬಿದ್ದರೆ ತುಕ್ಕು ರೋಗ. ಮೆಣಸಿನ ಗಿಡದ ಎಲೆಗೆ ಬಿಳಿ ಹುಡಿ ಹತ್ತಿದರೆ ಬೂದಿ ರೋಗ. ಕಾಡಿಗೆ, ತುಕ್ಕು, ಬೂದಿ. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಹೇಳಿದ್ದಾರೆ. ಈ ಮೂರೂ ಶಿಲೀಂಧ್ರಗಳೇ. ಫೋಟೋ ತೆಗೆಯುವವರಿಗೆ ಇನ್ನೊಂದು ಗೊತ್ತಿದೆ. ಮಳೆಗಾಲದಲ್ಲಿ ಒದ್ದೆ ಚೀಲದಲ್ಲೇ ಇಟ್ಟ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂತೆ ಎಳೆ ಹಬ್ಬುತ್ತದೆ. ಎಲ್ಲರೂ ‘ಫಂಗಸ್ ಬಂದಿದೆ’ ಅಂತಾರೆ. ನಾನು ಈಗ ‘ಲೆನ್ಸಿಗೆ ಬೂಷ್ಟು ಹಿಡಿದಿದೆ’ ಅನ್ನುತ್ತೇನೆ. ಯಾರಿಗೂ ಬಿಡಿಸಿ ಹೇಳಬೇಕಾಗಿ ಬಂದಿಲ್ಲ.

ಕೊಡೆಯ ಅಡಿಯ ಗೆರೆಗಳ ವಿಷಯ. ಕನ್ನಡದ ಕೆಲವು ಬರಹಗಳಲ್ಲಿ ‘ಕಿವಿರು’ ಎಂದಿದೆ. ಇಂಗ್ಲಿಷಿನವರು ಮೀನಿನ ಕಿವಿರಿಗೆ ಹೋಲಿಸಿದರು ಎಂದು ನಾವೂ ಹೋಲಿಸಬೇಕೇ? ಅಣಬೆ ಅದರಿಂದ ಉಸಿರಾಡುವುದಿಲ್ಲ, ಅಲ್ಲಿಂದ ಬೀಜಕಣ ಉದುರಿಸುತ್ತದೆ. ಅದೇ ಅಜ್ಜಿ ಒಂದನ್ನು ತಿರುಗಿಸಿ ತೋರಿಸುವಾಗ “ಕೊಡಿ ಕಡ್ಡಿ” ಅಂದಿದ್ದರು. ಕೊಡೆ ಎಂದ ಮೇಲೆ ಕಡ್ಡಿ ಇರಲೇಬೇಕಲ್ಲ. ‘ಕೊಡೆಕಡ್ಡಿ’ಯನ್ನು ನಾನು ಬಳಸುತ್ತೇನೆ. ಯಾರಿಗಾದರೂ ತಕರಾರಿದ್ದರೆ ಹೇಳಿ.

ಅಣಬೆ ಬಿಟ್ಟು ಇನ್ನೆರಡು ಪದ.

ಒಂದು, ‘ಹೊಡೆಯುವುದು’. ನಮ್ಮಲ್ಲಿ ಫೋಟೋ ಹೊಡೆಯುತ್ತಾರೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಿಂದ ಬಂದು ಚಹಾದಂಗಡಿಯಲ್ಲಿ ಕೂತಾಗ ಗೆಳೆಯ ಸುಮ್ನೆ “ಇವತ್ತ ಎರಡ ಚಿಗರಿ ಹೊಡದ್ವಿ” ಅಂದ. ಪಕ್ಕದ ಬೆಂಚಿನವರ ಮುಖ ಬದಲಾಯ್ತು. ಚಿಗರಿ ಎಂದರೆ ಕೃಷ್ಣಮೃಗ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಆ ಮಾತು ಅಲ್ಲಿ ಹಗುರವಲ್ಲ. ಪತ್ರಿಕೆಯ ‘ಕ್ಯಾಮೆರಾದಲ್ಲಿ ಸೆರೆಯಾದ ಚಿರತೆ’ಯೂ ಹಾಗೆಯೇ. ‘ಚಿರತೆ ಸೆರೆ’ ಎಂದರೆ ಬೋನಿಗೆ ಬಿತ್ತು ಎಂದು ಓದುವುದು ರೂಢಿ. ನಾನು ಎಲ್ಲ ಕಡೆ ‘ತೆಗೆದದ್ದು’ ಎಂದು ಬರೆದಿದ್ದೇನೆ. ಅದೇ ಧಾಮದ ಇನ್ನೊಂದು ಮಾತು. ಕಪ್ಪು ಬಣ್ಣ ಬೆಳೆದ ಗಂಡಿಗೆ ಮಾತ್ರ. ಹೆಣ್ಣು, ಮರಿ ಕಂದು. ಕಂದು ಪ್ರಾಣಿಯ ಕೆಳಗೆ ಕೃಷ್ಣಮೃಗ ಎಂದರೆ ಮಕ್ಕಳು ಕಪ್ಪನ್ನು ಹುಡುಕುತ್ತಾರೆ. ಚಿಗರಿ ಎಂದರೆ ಎಲ್ಲವೂ ಸೇರುತ್ತವೆ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಆ ಹೆಸರಿಟ್ಟದ್ದು ಒಳ್ಳೆಯದೇ ಆಯ್ತು, ಪದ ಮಕ್ಕಳ ಬಾಯಲ್ಲಿ ಉಳಿದಿದೆ.

ಎರಡು, ಕಪ್ಪತಗುಡ್ಡದ ನೆಲ. ಕಲ್ಲು ಎದ್ದ, ತೆಳು ಕೆಂಪು ಮಣ್ಣಿನ, ಗಾಳಿ ಬಡಿಯುವ, ಕುರುಚಲು ಬೆಳೆದ ಇಳಿಜಾರು. ‘ಒರಟು ಭೂದೃಶ್ಯ’ ಎಂದು ಯಾರೋ ಸೂಚಿಸಿದರು, ಒಪ್ಪಿಗೆಯಾಗಲಿಲ್ಲ. ‘ಕಡಿದಾದ’ ಎಂದರೆ ಬರೀ ಏರು. ಅಲ್ಲಿ ಕುರಿ ಮೇಯಿಸುವವರು ‘ಮಡ್ಡಿ’ ಅಂದರು. ನೇಗಿಲು ಹೋಗದ, ಕುರಿ ಹೋಗುವ ನೆಲ. ಕೆಳಗೆ ಎರಿ (ಕಪ್ಪು ಮಣ್ಣು), ನಡುವೆ ಮಸಾರಿ (ಕೆಂಪು ಮಣ್ಣು), ಮೇಲೆ ಮಡ್ಡಿ. ಹೀಗೆ ಮೂರೇ ಪದದಲ್ಲಿ ಗದಗಿನ ನೆಲ ಕಣ್ಣ ಮುಂದೆ ಬರುತ್ತದೆ. ಆದರೆ ಮೈಸೂರು ಕಡೆಯ ಓದುಗರಿಗೆ ಮಡ್ಡಿ ಎಂದರೆ ಎಣ್ಣೆಯ ತಳದ ಗಸಿ ನೆನಪಾಗಬಹುದು. ಅವರು ಇಂಥ ನೆಲಕ್ಕೆ ಬೋರೆ ಅನ್ನುತ್ತಾರೆಯೇ? ಎರಡೂ ಒಂದೆಯೇ?

ಕೊನೆಯದಾಗಿ, ಹೆಸರೇ ಸಿಗದ ಒಂದು ಫೋಟೋ ಉಳಿದಿದೆ. ನೆಲದ ಮೇಲೆ ಗೋಲಿಗಿಂತ ದೊಡ್ಡದಾದ ಬೂದು ಚೀಲ. ಒಣಗಿದ ಮೇಲೆ ಬೆರಳಿನಿಂದ ಒತ್ತಿದರೆ ತುದಿಯ ತೂತಿನಿಂದ ಹೊಗೆಯಂತೆ ಪುಡಿ ಏಳುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಒತ್ತಿ ಆಡಿದ್ದೇವೆ, ಆದರೆ ಅದನ್ನು ಏನೆಂದು ಕರೆಯುತ್ತಿದ್ದೆವು ಎಂಬುದು ನನ್ನ ಓಣಿಯ ಯಾರಿಗೂ ನೆನಪಿಲ್ಲ. ಹಾವೇರಿ, ಹಿರೇಕೆರೂರು, ಮುಂಡರಗಿ, ಲಕ್ಷ್ಮೇಶ್ವರ ಕಡೆಯವರು ಮನೆಯ ಹಿರಿಯರನ್ನು ಒಂದು ಮಾತು ಕೇಳಿ ನೋಡುತ್ತೀರಾ? ಹೆಸರಿನ ಜೊತೆ ಊರನ್ನೂ ಬರೆಯಿರಿ. ಫೋಟೋದ ಕೆಳಗೆ ಎರಡನ್ನೂ ಹಾಕುತ್ತೇನೆ.