ಕಿರಣನ ಯೂರೋ ವಿಷಯ, ಚಿಕ್ಕಮ್ಮ ಕೇಳಿದ್ದಕ್ಕೆ

ಚಿಕ್ಕಮ್ಮ, ಕಿರಣ ಓದಕ್ಕೆ ಜರ್ಮನಿಗೆ ಬರ್ತಿದಾನಲ್ಲ, ಅವನ ದುಡ್ಡಿನ ಬಗ್ಗೆ ನೀವು ಮನೆಯವರ ಗ್ರೂಪಲ್ಲಿ ಹಾಕಿದ ಮೆಸೇಜ್ ಈಗ ನೋಡ್ದೆ. ಇಲ್ಲಿ ಜರ್ಮನೀಲಿ ಆಫೀಸಿಂದ ನಡ್ಕೊಂಡು ಮನೆಗೆ ಹೋಗ್ತಿದೀನಿ, ಟೈಪ್ ಮಾಡಕ್ಕಾಗಲ್ಲ, ಮಾತಾಡೇ ಕಳಿಸ್ತೀನಿ. ಮಧ್ಯೆ ಟ್ರಾಮ್ ಸದ್ದು ಬಂದ್ರೆ ಬೇಜಾರ್ ಮಾಡ್ಕೋಬೇಡಿ. ಉದ್ದ ಆಗತ್ತೆ, ಚಿಕ್ಕಪ್ಪನ್ನೂ ಕೂರಿಸ್ಕೊಂಡು ಕೇಳಿ, ಬ್ಯಾಂಕಿಗೆ ಹೋಗೋರು ಅವರೇ ತಾನೆ.

ಮೊದಲು ಆ ಹುಡುಗನ ವಿಷಯ. ಕಿರಣನಿಗೆ ಯಾವುದೋ ಸ್ಟೂಡೆಂಟ್ ಗ್ರೂಪಲ್ಲಿ ಒಬ್ಬ ಸಿಕ್ಕಿದಾನೆ, ನೀವು ಇಂಡಿಯಾದಲ್ಲಿ ಅವನ ಅಕೌಂಟಿಗೆ ರೂಪಾಯಿ ಹಾಕೋದು, ಅವನು ಜರ್ಮನೀಲಿ ಯೂರೋ ಕೊಡೋದು, ಗೂಗಲ್ ತೋರಿಸೋ ರೇಟಿಗೇ, ಬ್ಯಾಂಕ್ ಚಾರ್ಜೂ ಇಲ್ಲ, ಟ್ಯಾಕ್ಸೂ ಇಲ್ಲ. ಮಾಡಬಹುದಾ ಅಂತ ಕೇಳಿದೀರ. ಬೇಡ ಚಿಕ್ಕಮ್ಮ. ಹತ್ತು ಸಾವಿರ ರೂಪಾಯಿ ಆದ್ರೂ ಬೇಡ, ಅವನು ನಮ್ಮೂರ ಹುಡುಗನೇ ಆದ್ರೂ ಬೇಡ.

ಅದ್ರ ಕೆಳಗೆ ರಮೇಶ ಮಾವ ಬರೆದಿದ್ದನ್ನೂ ಓದ್ದೆ, "ನಾವು ದುಬೈಲಿದ್ದಾಗ ಹುಂಡೀಲೇ ಕಳಿಸ್ತಿದ್ವಿ, ಏನಾಯ್ತು ಈಗ" ಅಂತ. ಹುಂಡಿ ಅಂದ್ರೆ ಬ್ಯಾಂಕ್ ಬಿಟ್ಟು ಏಜೆಂಟ್ ಕೈಲಿ ಕಳಿಸೋದು, ಹವಾಲಾ ಅಂತಾರಲ್ಲ ಅದೇ. ಮಾವ, ನಿಮಗೆ ಏನೂ ಆಗಿಲ್ಲ, ಒಪ್ತೀನಿ. ಆದ್ರೆ ಆವಾಗ ಕೈಯಿಂದ ಕೈಗೆ ನೋಟು ಹೋಗ್ತಿತ್ತು, ಈಗ ಎಲ್ಲಾ ಅಕೌಂಟಿಂದ ಅಕೌಂಟಿಗೆ, ಪ್ರತಿ ಹೆಜ್ಜೆಗೂ ಗುರುತು ಉಳಿಯತ್ತೆ. ಇಲ್ಲಿ ಕಿರಣನ ಅಕೌಂಟಿಗೆ ಬರೋ ಯೂರೋ ಆ ಹುಡುಗನದ್ದೇ ಅಂತ ಏನು ಗ್ಯಾರಂಟಿ? ಯಾರೋ ಜರ್ಮನ್ ಅಜ್ಜಿಗೆ ಫೋನ್ ಮಾಡಿ ಮೋಸದಿಂದ ಎಗರಿಸಿದ್ದಿರಬಹುದು. ಆ ಅಜ್ಜಿ ಪೊಲೀಸಿಗೆ ಹೋದ ಕೂಡಲೇ ಬ್ಯಾಂಕ್ ಕಿರಣನ ಅಕೌಂಟ್ ತಡೆಹಿಡಿಯತ್ತೆ, ಕಾಗದ ಬರೋದೂ ಇವನ ಹೆಸರಿಗೇ. ಉಲ್ಟಾ ಮಾಡಿದ್ರೂ ಅದೇ ಕಥೆ: ಇವನು ಇಲ್ಲಿ ಯೂರೋ ಕೊಟ್ಟು, ಚಿಕ್ಕಪ್ಪನ ಅಕೌಂಟಿಗೆ ರೂಪಾಯಿ ಹಾಕಿಸ್ಕೊಂಡ ಅಂದ್ಕೊಳಿ. ಆ ರೂಪಾಯಿ ಯಾರೋ ಪೊಲೀಸ್ ಅಂತ ಸುಳ್ಳು ಹೇಳಿ ವಿಡಿಯೋ ಕಾಲಲ್ಲಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ವಸೂಲಿ ಮಾಡಿದ್ದಾಗಿದ್ರೆ, ದುಡ್ಡು ಕಳ್ಕೊಂಡೋರು ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಮಾಡ್ತಾರೆ, ದುಡ್ಡು ಯಾವ್ಯಾವ ಅಕೌಂಟ್ ಮುಟ್ಟಿದೆಯೋ ಅಲ್ಲೆಲ್ಲಾ ತಡೆ ಬೀಳತ್ತೆ. ಚಿಕ್ಕಪ್ಪನ ಪೆನ್ಷನ್ ಅಕೌಂಟು! ಬೇರೆ ರಾಜ್ಯದ ಸೈಬರ್ ಠಾಣೆಗೆ ಪತ್ರ ಬರ್ಕೊಂಡು ಕೂರಬೇಕು.

ಕಾನೂನಿನ ಮಾತೂ ಇದೆ. ವಿದೇಶಕ್ಕೆ ದುಡ್ಡು ಹೋಗೋದಿದ್ರೆ ರಿಸರ್ವ್ ಬ್ಯಾಂಕ್ ಪರವಾನಗಿ ಇರೋ ದಾರೀಲೇ ಹೋಗಬೇಕು ಅನ್ನತ್ತೆ 1999ರ ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ. ಮೀರಿದ್ರೆ ಮೊತ್ತದ ಮೂರು ಪಟ್ಟು ತನಕ ದಂಡ ಹಾಕಬಹುದು. ಅಷ್ಟು ಸಾಕು, ಮುಂದಕ್ಕೆ ಹೋಗೋಣ.

ಈಗ ನಿಜವಾಗಿ ದುಡ್ಡು ಎಲ್ಲಿ ಹೋಗತ್ತೆ ಅನ್ನೋದು. ಚಿಕ್ಕಪ್ಪ, ಇದನ್ನ ನೀವು ಗಮನ ಇಟ್ಟು ಕೇಳಬೇಕು. ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡೋ ಖಾತೇಲಿ, ಒಂದು ವರ್ಷದ ಖರ್ಚು ಇಡಬೇಕಲ್ಲ, 2024ರ ಸೆಪ್ಟೆಂಬರಲ್ಲಿ ಅದನ್ನ 11,904 ಯೂರೋ ಅಂತ ಮಾಡಿದ್ರು, ತಿಂಗಳಿಗೆ 992. ಕಳಿಸೋ ಮುಂಚೆ ಕಾನ್ಸುಲೇಟ್ ಪುಟದಲ್ಲಿ ಇನ್ನೊಂದು ಸಲ ನೋಡ್ಕೊಳಿ. ಬ್ಯಾಂಕಲ್ಲಿ "ನಿಮಗೆ ರೆಮಿಟೆನ್ಸ್ ಚಾರ್ಜ್ ಫ್ರೀ ಸಾರ್" ಅಂತಾರೆ. ನೀವು ಖುಷಿಯಾಗಿ ಸಹಿ ಹಾಕ್ಬಿಡ್ತೀರ. ಅವರ ಲಾಭ ಚಾರ್ಜಲ್ಲಿ ಇಲ್ಲ, ರೇಟಲ್ಲಿದೆ. ಲೆಕ್ಕ ಸುಲಭ ಆಗ್ಲಿ ಅಂತ ಮಾರ್ಕೆಟ್ಟಲ್ಲಿ ಯೂರೋ ನೂರು ರೂಪಾಯಿ ಅಂತಿಟ್ಕೊಳಿ. ಬ್ಯಾಂಕು ನಿಮಗೆ ನೂರಾ ಎರಡೂವರೆ ರೂಪಾಯಿಗೆ ಮಾರಿದ್ರೆ, 11,904 ಯೂರೋಗೆ ಹೆಚ್ಚು ಹೋಗೋದು 29,760 ರೂಪಾಯಿ. ಒಂದು ಸಾವಿರದ ಚಾರ್ಜ್ ಬಿಟ್ಟು ಮೂವತ್ತು ಸಾವಿರ ತಗೊಂಡ ಹಾಗೆ. ಅದಕ್ಕೇ ಚಾರ್ಜ್ ಎಷ್ಟು ಅಂತ ಕೇಳೋದು ಬಿಟ್ಟು, "11,904 ಯೂರೋ ಅಲ್ಲಿಗೆ ಮುಟ್ಟಬೇಕು, ಎಲ್ಲಾ ಸೇರಿ ನನ್ನ ಅಕೌಂಟಿಂದ ಎಷ್ಟು ರೂಪಾಯಿ ಕಟ್ ಆಗತ್ತೆ, ಒಂದೇ ಅಂಕಿ ಹೇಳಿ" ಅಂತ ಕೇಳಿ. ನಿಮ್ಮ ಬ್ಯಾಂಕು, ಇನ್ನೊಂದು ಬ್ಯಾಂಕು, ವಿದೇಶಿ ಹಣ ಮಾರೋ ಪರವಾನಗಿ ಇರೋ ಒಂದು ಫಾರೆಕ್ಸ್ ಕಂಪನಿ, ಮೂರೂ ಕಡೆ ಒಂದೇ ದಿನ, ಆದಷ್ಟೂ ಒಂದೇ ಗಂಟೇಲಿ ಕೇಳಿ, ಯಾಕಂದ್ರೆ ರೇಟು ಓಡ್ತಾ ಇರತ್ತೆ. ಇನ್ನೊಬ್ಬರ ಕೊಟೇಶನ್ ಕೈಯಲ್ಲಿದ್ರೆ ಮ್ಯಾನೇಜರ್ ರೇಟ್ ಇಳಿಸ್ತಾರೆ. ಜಯನಗರದಲ್ಲಿ ಸೀರೆಗೆ ಚೌಕಾಶಿ ಮಾಡೋ ಚಿಕ್ಕಮ್ಮನ್ನ ಜೊತೇಲಿ ಕರ್ಕೊಂಡು ಹೋಗಿ, ನಾನು ತಮಾಷೆಗೆ ಹೇಳ್ತಿಲ್ಲ.

ಕರೆನ್ಸಿ ಬದಲಾವಣೆ ಮೇಲೆ ಜಿಎಸ್‌ಟಿ ಇದ್ದೇ ಇರತ್ತೆ, ಈ ಮೊತ್ತಕ್ಕೆ ಸುಮಾರು ಸಾವಿರ ರೂಪಾಯಿ. ಅದ್ರ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಟಿಸಿಎಸ್ ಅಂತ ಇನ್ನೊಂದು ಬರತ್ತೆ, ವಿದೇಶಕ್ಕೆ ಕಳಿಸೋ ದುಡ್ಡಿನ ಮೇಲೆ ಬ್ಯಾಂಕು ಮುಂಚೆನೇ ಹಿಡ್ಕೊಳೋ ತೆರಿಗೆ. 2025ರ ಏಪ್ರಿಲ್‌ನಿಂದ ಅದ್ರ ಮಿತಿ ಏಳು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿದೆ, ಒಬ್ಬರ ಪ್ಯಾನ್ ಮೇಲೆ ಒಂದು ಹಣಕಾಸು ವರ್ಷಕ್ಕೆ. ಹತ್ತು ಲಕ್ಷ ದಾಟಿದ ಭಾಗದ ಮೇಲೆ ಮಾತ್ರ ಹಿಡೀತಾರೆ. ಶೇಕಡಾ ಎಷ್ಟು ಅನ್ನೋದು ಬಜೆಟ್ಟಿಂದ ಬಜೆಟ್ಟಿಗೆ ಬದಲಾಗತ್ತೆ, ಕೌಂಟರಲ್ಲೇ ಕೇಳಿ. ಆದ್ರೆ ಇದು ಕಳ್ಕೊಂಡ ದುಡ್ಡಲ್ಲ, ಆದಾಯ ತೆರಿಗೆ ಇಲಾಖೆಯ ಪುಟದಲ್ಲಿ ನಿಮ್ಮ ಪ್ಯಾನ್ ಲೆಕ್ಕದಲ್ಲಿ ಕಾಣತ್ತೆ, ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ವಜಾ ಆಗತ್ತೆ, ಇಲ್ಲಾ ವಾಪಸ್ ಬರತ್ತೆ. ಅದೂ ಬೇಡ ಅಂದ್ರೆ ಸ್ವಲ್ಪ ಚಿಕ್ಕಪ್ಪನ ಪ್ಯಾನಿಂದ, ಉಳಿದದ್ದು ಚಿಕ್ಕಮ್ಮನ ಸ್ವಂತ ಉಳಿತಾಯದಿಂದ ಅವರ ಪ್ಯಾನಲ್ಲಿ ಕಳಿಸಬಹುದು. ಬ್ಲಾಕ್ಡ್ ಅಕೌಂಟಿನೋರು ಇಬ್ಬರಿಂದ ದುಡ್ಡು ತಗೋತಾರಾ ಅಂತ ಮೊದಲೇ ಕೇಳ್ಕೊಳಿ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದ್ರೆ ಟಿಸಿಎಸ್ಸೇ ಇಲ್ಲ. ವಿದೇಶಕ್ಕೆ ಕಳಿಸೋಕೆ ಬ್ಯಾಂಕಲ್ಲಿ ತುಂಬಿಸೋ ಎ2 ಫಾರಂನಲ್ಲಿ ಉದ್ದೇಶದ ಕೋಡ್ ಕೇಳ್ತಾರೆ, ಶಿಕ್ಷಣದ್ದು ಎಸ್0305. ಕೌಂಟರಿನೋರು ಅವಸರದಲ್ಲಿ ಬೇರೆ ಏನೋ ಹಾಕಿದ್ರೆ ಟಿಸಿಎಸ್ ಜಾಸ್ತಿ ಬೀಳಬಹುದು, ಸಹಿ ಮುಂಚೆ ಓದಿ.

ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿರಲ್ಲ. ದೇಶದಿಂದ ದೇಶಕ್ಕೆ ಬ್ಯಾಂಕುಗಳು ದುಡ್ಡು ಕಳಿಸೋ ಸ್ವಿಫ್ಟ್‌ನಲ್ಲಿ ದುಡ್ಡು ಹೋಗೋವಾಗ ಮಧ್ಯದ ಬ್ಯಾಂಕು ತನ್ನ ಪಾಲು ಕತ್ತರಿಸ್ಕೊಳತ್ತೆ. 11,904 ಕಳಿಸಿ, 11,880 ಮುಟ್ಟಿದ್ರೆ ಬ್ಲಾಕ್ಡ್ ಅಕೌಂಟಿನ ದೃಢೀಕರಣ ಪತ್ರ ಕೊಡಲ್ಲ, ಆ ಇಪ್ಪತ್ತನಾಲ್ಕು ಯೂರೋಗೆ ಮತ್ತೆ ಪೂರ್ತಿ ಚಾರ್ಜ್ ಕೊಟ್ಟು ಕಳಿಸಬೇಕು. ಫಾರಂನಲ್ಲಿ ಚಾರ್ಜ್ ಯಾರದ್ದು ಅನ್ನೋ ಕಡೆ ಇಂಗ್ಲಿಷಿನ "ಅವರ್" (OUR) ಅಂತ ಟಿಕ್ ಮಾಡಿಸಿ, ಅಂದ್ರೆ ಎಲ್ಲಾ ಖರ್ಚು ನಮ್ಮದೇ. ಮೇಲಿಂದ ಒಂದಿಷ್ಟು ಯೂರೋ ಜಾಸ್ತಿನೇ ಇರ್ಲಿ.

ಕಿರಣ, ಈಗ ನಿಂಗೆ. ಆ 992 ಯೂರೋ ನೀನು ಏರ್‌ಪೋರ್ಟಲ್ಲಿ ಇಳಿದ ದಿನವೇ ಸಿಗಲ್ಲ. ಇಲ್ಲಿ ದಿನಬಳಕೆಯ ಮಾಮೂಲಿ ಬ್ಯಾಂಕ್ ಅಕೌಂಟ್ ತೆಗೆದು, ಕಾಗದ ಪತ್ರ ಕೊಟ್ಟ ಮೇಲೆ ತಿಂಗಳು ತಿಂಗಳು ಅದಕ್ಕೆ ಬರತ್ತೆ. ಬ್ಯಾಂಕಿನೋರು ಅಡ್ರೆಸ್ ನೋಂದಣಿ ಕೇಳಬಹುದು, ನೋಂದಣಿ ಆಫೀಸಿನೋರು ಮನೆ ಮಾಲೀಕರ ಪತ್ರ ಕೇಳ್ತಾರೆ, ಹೀಗೇ ಒಂದಕ್ಕೊಂದು. ಆ ಮೊದಲ ವಾರಗಳಿಗೆ ಬೇರೆ ದುಡ್ಡು ಬೇಕು. ಯೂರೋ ತುಂಬಿಸಿದ ಫಾರೆಕ್ಸ್ ಕಾರ್ಡ್ ಇರ್ಲಿ, ಕೈಯಲ್ಲಿ ಸ್ವಲ್ಪ ನೋಟು ಇರ್ಲಿ, ಇಲ್ಲಿ ಇನ್ನೂ ಕೆಲವು ಬೇಕರಿ, ಸಣ್ಣ ಅಂಗಡೀಲಿ ಕಾರ್ಡ್ ತಗೊಳಲ್ಲ. ನೋಟಿಗೆ ರಿಸರ್ವ್ ಬ್ಯಾಂಕ್ ಮಿತಿ ಮೂರು ಸಾವಿರ ಡಾಲರ್ ಬೆಲೆಯಷ್ಟು, ನಿಂಗೆ ಅಷ್ಟೆಲ್ಲಾ ಬೇಡವೇ ಬೇಡ. ನಿನ್ನ ಇಂಡಿಯಾ ಡೆಬಿಟ್ ಕಾರ್ಡ್ ಕಷ್ಟಕಾಲಕ್ಕೆ ಮಾತ್ರ, ಬಳಸಿದಾಗೆಲ್ಲಾ ನೂರಕ್ಕೆ ಮೂರು, ಮೂರೂವರೆ ರೂಪಾಯಿ ಮೇಲೆ ಹಾಕೋ ಬ್ಯಾಂಕ್‌ಗಳೇ ಜಾಸ್ತಿ. ವಿದೇಶದ ಬಳಕೆ ಆನ್ ಮಾಡ್ಕೊಂಡೇ ವಿಮಾನ ಹತ್ತು. ಕ್ರೆಡಿಟ್ ಕಾರ್ಡಲ್ಲಿ ಎಟಿಎಂನಿಂದ ನಗದು ತೆಗೀಬೇಡ, ಬಡ್ಡಿ ಅವತ್ತಿಂದಲೇ ಶುರು.

ಎಟಿಎಂ ಸ್ಕ್ರೀನಲ್ಲಿ "ರೂಪಾಯಿ ಲೆಕ್ಕದಲ್ಲಿ ಕಟ್ ಮಾಡಲಾ" ಅಂತ ಕೇಳತ್ತೆ, ಅದ್ರ ಬಟನ್ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಬೇರೆ ಇರಬಹುದು. ಒತ್ತಬೇಡ. ಯಾವಾಗ್ಲೂ ಯೂರೋ. ರೂಪಾಯಿ ಒತ್ತಿದ್ರೆ ಆ ಮೆಷಿನ್ ಮಾಲೀಕ ಹೇಳಿದ್ದೇ ರೇಟು.

ಮನೆ ಅಡ್ವಾನ್ಸ್: ಇಲ್ಲಿ ಕಾನೂನು ಪ್ರಕಾರ ಹೆಚ್ಚೆಂದ್ರೆ ಮೂರು ತಿಂಗಳ ಮೂಲ ಬಾಡಿಗೆ, ಹೀಟಿಂಗ್ ಖರ್ಚು ಬಿಟ್ಟು. ಅದನ್ನ ಮೂರು ತಿಂಗಳ ಕಂತಲ್ಲಿ ಕೊಡೋ ಹಕ್ಕೂ ಇದೆ. ನಮ್ಮ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸ್ಕೊಂಡು ಗಾಬರಿ ಆಗಬೇಡ. ಆದ್ರೆ "ನಾನು ಊರಲ್ಲಿಲ್ಲ, ಅಡ್ವಾನ್ಸ್ ಹಾಕಿ, ಕೀ ಪೋಸ್ಟಲ್ಲಿ ಕಳಿಸ್ತೀನಿ" ಅನ್ನೋ ಮಾಲೀಕ ಸಿಕ್ರೆ ಅವನು ಮಾಲೀಕನೇ ಅಲ್ಲ. 2025ರ ಅಕ್ಟೋಬರ್‌ನಿಂದ ಯೂರೋ ದೇಶಗಳಲ್ಲಿ ದುಡ್ಡು ಹಾಕೋವಾಗ ಇಲ್ಲಿನ ಅಕೌಂಟ್ ನಂಬರ್ ಆದ ಐಬ್ಯಾನ್‌ಗೂ ಹೆಸರಿಗೂ ತಾಳೆ ಆಗತ್ತಾ ಅಂತ ಬ್ಯಾಂಕೇ ತೋರಿಸತ್ತೆ. ತಾಳೆ ಇಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ ನಂಗೆ ಫೋನ್ ಮಾಡು.

ಆಮೇಲೆ ನಿನ್ನ ಇಂಡಿಯಾ ಸಿಮ್. ಒಟಿಪಿ ಎಲ್ಲಾ ಅದಕ್ಕೇ ಬರೋದು. ರೋಮಿಂಗ್ ಆನ್ ಮಾಡಿಸ್ಕೊಂಡು ಬಾ, ರೀಚಾರ್ಜ್ ತಪ್ಪಿಸಬೇಡ, ನಂಬರ್ ಸತ್ತರೆ ಇಲ್ಲಿ ಕೂತು ಸರಿ ಮಾಡಕ್ಕಾಗಲ್ಲ. ಇಂಡಿಯಾದ ಉಳಿತಾಯ ಖಾತೇನ ವಿದೇಶದಲ್ಲಿರೋರಿಗಂತ ಇರೋ ಖಾತೆ, ಅಂದ್ರೆ ಎನ್‌ಆರ್‌ಒ ಮಾಡಿಸೋದು ಇದೆ, ಓದಕ್ಕೆ ಹೋದೋರಿಗೂ ಅದು ಅನ್ವಯ ಆಗತ್ತೆ, ಫಾರಂ ಈಗಲೇ ತಂದಿಟ್ಕೊ.

ಚಿಕ್ಕಪ್ಪ, ನಾಳೆ ಆ ಮೂರು ಕಡೆ ಕೇಳಿ, ಮೂರು ಅಂಕಿನೂ ಇಲ್ಲೇ ಗ್ರೂಪಲ್ಲಿ ಹಾಕಿ, ನಾನು ಅವತ್ತಿನ ಮಾರ್ಕೆಟ್ ರೇಟ್ ಜೊತೆ ಇಟ್ಟು ನೋಡ್ತೀನಿ. ಅಕೌಂಟ್ ನಂಬರ್, ಪ್ಯಾನ್ ಫೋಟೋ ಮಾತ್ರ ಗ್ರೂಪಲ್ಲಿ ಹಾಕಬೇಡಿ, ಇಲ್ಲಿ ನಲವತ್ತು ಜನ ಇದ್ದಾರೆ. ಮನೆ ಬಂತು, ಇಡ್ತೀನಿ.