ಕಪ್ಪು ಗಂಡಸರಲ್ಲಿ ಮೆಲನೋಮಾ ಅಪರೂಪ, ಆದರೂ ಮಾರಕ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಲ್ಲೇ ಹೆಚ್ಚು. ಆದರೂ ರೋಗ ಬಂದ ಕಪ್ಪು ಗಂಡಸರು ಬದುಕುಳಿಯುವುದು ಕಡಿಮೆಯಂತೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕಾಪಾಡಲ್ವಾ?

ಉತ್ತರ 1: ಮೆಲನಿನ್ ತಡೆಯುವುದು ಬಿಸಿಲಿನ ಹಾನಿಯನ್ನು. ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಕಾಣುವ ಆಕ್ರಲ್ ಎಂಬ ಬಗೆಯ ಮೆಲನೋಮಾಗೆ ಬಿಸಿಲಿನ ನಂಟೇ ಕಡಿಮೆ. ಅದು ಹುಟ್ಟುವುದು ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಆಣಿ, ಫಂಗಸ್, ಪೆಟ್ಟು ಅಂದುಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಬಂದದ್ದೂ ಕಾಲುಬೆರಳಿನ ಉಗುರಿನಡಿ. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು.

ಉತ್ತರ 2: ಬರೀ ರೋಗ ಹುಟ್ಟುವ ಜಾಗದ ಮಾತಲ್ಲ. ವಿಮೆ ಇಲ್ಲ, ಚರ್ಮವೈದ್ಯರು ದೂರ, ಆಪರೇಷನ್ ತಡ. ವೈದ್ಯಕೀಯ ಪಠ್ಯಪುಸ್ತಕದ ಚಿತ್ರಗಳೂ ಬಹುಪಾಲು ಬಿಳಿ ಚರ್ಮದವೇ.

ಉತ್ತರ 3: ಕಪ್ಪು ಚರ್ಮದವರಿಗೆ ಹಲವು ಉಗುರುಗಳಲ್ಲಿ ಕಪ್ಪು ಗೆರೆ ಇರುವುದು ಸಹಜ. ಒಂದೇ ಉಗುರಲ್ಲಿ, 3 ಮಿ.ಮೀ.ಗಿಂತ ಅಗಲವಾಗಿ, ಬಣ್ಣ ಪಕ್ಕದ ಚರ್ಮಕ್ಕೂ ಹಬ್ಬಿದ್ದರೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಕೇಳಿ. ಆ ಚೂರನ್ನು ಉಗುರು ಹುಟ್ಟುವ ಬುಡದಿಂದಲೇ ತೆಗೆಯಬೇಕು. ತುದಿ ಕತ್ತರಿಸಿ ಕಳಿಸಿದರೆ ಗೆಡ್ಡೆ ತಪ್ಪಿಹೋಗುತ್ತೆ. ಪೆಟ್ಟಿನ ರಕ್ತವಾದರೆ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತೆ.